ಗುರುವಾರ ಎಂದು ಬರೆದಿದ್ದ ಬುಧವಾರ

ಆಗಸ್ಟ್ ತಿಂಗಳ ರಜೆಯನ್ನು ನಮ್ಮ ಕಂಪನಿಯಲ್ಲಿ ಮೇ ತಿಂಗಳಲ್ಲೇ ಕೇಳಬೇಕು. ಬೇಸಿಗೆಯಲ್ಲಿ ಖಾಸಗಿ ಜೆಟ್‌ಗಳಿಗೆ ಬಿಡುವಿರುವುದಿಲ್ಲ. ಒಬ್ಬ ಪೈಲಟ್ ಒಂದು ದಿನ ಇಲ್ಲವೆಂದರೆ ಇನ್ನಿಬ್ಬರ ದಿನಗಳನ್ನು ಅಲುಗಿಸಬೇಕಾಗುತ್ತದೆ. ಹಾಗಾಗಿ ಕಳೆದ ಮೇ ತಿಂಗಳ ಒಂದು ಭಾನುವಾರ ಲಂಡನ್ನಿನ ಫೆಲ್ಥಮ್‌ನ ಮನೆಯ ಅಡಿಗೆಮನೆಯಲ್ಲಿ ದೊಡ್ಡದೊಂದು ಹಾಳೆ ಹರಡಿಕೊಂಡು ಕೂತೆ.

ಪ್ರತಿವರ್ಷ ಆ ಹಾಳೆಯಲ್ಲಿ ಎರಡು ಸಾಲು ಇರುತ್ತಿದ್ದವು. ಮೇಲಿನದು ಕಂಪನಿಯ ರೋಸ್ಟರ್, ಯಾರು ಯಾವಾಗ ಹಾರಬೇಕೆಂಬ ಪಟ್ಟಿ. ಅದರ ಗಂಟೆಗಳೆಲ್ಲ ಜುಲು ಸಮಯದಲ್ಲಿ. ಜಗತ್ತಿನ ಯಾವ ಮೂಲೆಯಲ್ಲಿದ್ದರೂ ವಿಮಾನದವರಿಗೆ ಗಡಿಯಾರ ಒಂದೇ, ಅದಕ್ಕೆ ನಾವು ಜುಲು ಎನ್ನುತ್ತೇವೆ. ಚಳಿಗಾಲದಲ್ಲಿ ಲಂಡನ್ನಿನ ಸಮಯವೂ ಅದೇ. ಬೇಸಿಗೆಯಲ್ಲಿ ನಮ್ಮ ಕೈಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಕೆಳಗಿನ ಸಾಲು ಸೇನೆಯದು. ನಾನು ಬ್ರಿಟಿಷ್ ಸೇನೆಯ ರಿಸರ್ವ್ ಸೈನಿಕ, ಅಂದರೆ ಬೇರೆ ಉದ್ಯೋಗದ ಜೊತೆಗೆ ಅರೆಕಾಲಿಕ; ಸಾಗಣೆ ದಳದಲ್ಲಿ ಸಾರ್ಜೆಂಟ್. ವಾರಕ್ಕೊಂದು ಸಂಜೆ, ತಿಂಗಳಿಗೊಂದು ಶನಿವಾರ-ಭಾನುವಾರ, ವರ್ಷಕ್ಕೊಮ್ಮೆ ಎಡೆಬಿಡದೆ ಹದಿನೈದು ದಿನದ ಕ್ಯಾಂಪ್. ಹದಿನೈದರಲ್ಲಿ ಒಂದು ದಿನ ಕಡಿಮೆಯಾದರೂ ಆ ವರ್ಷದ ಸೇವೆ ಪೂರ್ತಿಯಾಯಿತೆಂದು ನಮ್ಮ ದಳದಲ್ಲಿ ಬರೆಯುವುದಿಲ್ಲ. ಒಂದು ಕೆಲಸದಲ್ಲಿ ನನಗೆ ಭುಜದ ಮೇಲೆ ನಾಲ್ಕು ಪಟ್ಟಿ, ಇನ್ನೊಂದರಲ್ಲಿ ತೋಳಿನ ಮೇಲೆ ಮೂರು. ಎರಡೂ ನನಗೆ ಇಷ್ಟ. ಎರಡನ್ನೂ ಚೆನ್ನಾಗಿ ಮಾಡುತ್ತೇನೆ ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಈ ವರ್ಷ ಹಾಳೆಗೆ ಮೂರನೆಯ ಸಾಲೊಂದು ಬಂದಿತ್ತು. ಅಪ್ಪಾಜಿಯ ಮೊದಲ ವರ್ಷದ ಶ್ರಾದ್ಧ.

ಅಪ್ಪಾಜಿ ವಿಮಾನ ನಿಲ್ದಾಣದ ಕಾರ್ಗೊ ಶೆಡ್‌ನಲ್ಲಿ ಇಪ್ಪತ್ತೆರಡು ವರ್ಷ ಶಿಫ್ಟ್ ಮಾಡಿದವರು. ನನ್ನ ರೋಸ್ಟರ್ ಬಂದ ದಿನ ನಾನು ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಲ್ಲಿ ಗಂಟೆಗಳು ಒಂದರ ಮೇಲೊಂದು ಬೀಳುತ್ತವೋ ಅಲ್ಲಿ ಕೈ ಎತ್ತುತ್ತಿದ್ದರು. “ಹದಿನಾಲ್ಕಕ್ಕ ರಾತ್ರಿ ಬಂದು ಹದಿನೈದಕ್ಕ ನಸಿಕಿನ್ಯಾಗ ಹ್ಯಾಂಗ ಹೊಂಟಿ? ಮೊದ್ಲ ನಿದ್ದಿ ಬರಿ. ಆಮ್ಯಾಲ ಕೆಲಸ ಬರಿ.” ನಾನು ಈಗಲೂ ಹಾಗೇ ಮಾಡುತ್ತೇನೆ. ಪ್ರತಿ ಕರ್ತವ್ಯದ ಕೊನೆಗೆ ಹನ್ನೆರಡು ಗಂಟೆಯ ವಿಶ್ರಾಂತಿಯನ್ನು ಪೆನ್ಸಿಲ್ಲಿನಲ್ಲಿ ಕಪ್ಪು ಮಾಡಿ, ಉಳಿದ ಬಿಳಿ ಜಾಗದಲ್ಲಿ ಮಾತ್ರ ಕೆಲಸ ಬರೆಯುತ್ತೇನೆ. ಕಂಪನಿಯ ನಿಯಮವೂ ಅದೇ. ಸೇನೆಯ ಕೆಲಸ ಮುಗಿಸಿ ಬಂದರೂ ಹನ್ನೆರಡು ಗಂಟೆ ವಿಶ್ರಾಂತಿ ಆಗದೆ ವಿಮಾನ ಹತ್ತುವ ಹಾಗಿಲ್ಲ.

ಅಪ್ಪಾಜಿ ಹೋದಾಗ ನಾನು ಫ್ರಾನ್ಸಿನ ನೀಸ್‌ನ ಹೋಟೆಲಿನಲ್ಲಿದ್ದೆ. ವಿಮಾನದ ಮಾಲೀಕರು ಯಾವಾಗ ಹೊರಡುತ್ತೇನೆ ಎನ್ನುತ್ತಾರೋ ಎಂದು ಕಾಯುತ್ತಿದ್ದೆ. ಆಸ್ಪತ್ರೆಯಲ್ಲಿ ಅವ್ವ ಒಬ್ಬಳೇ ಇದ್ದಳು. ಇದರ ಬಗ್ಗೆ ಅವ್ವ ಈವರೆಗೆ ಒಂದು ಮಾತೂ ಆಡಿಲ್ಲ. ನಾನೂ ಆಡಿಲ್ಲ. ಗ್ರೀನ್‌ಫರ್ಡ್‌ನಲ್ಲಿದ್ದ ನನ್ನ ಫ್ಲ್ಯಾಟ್ ಬಿಟ್ಟು ಅವಳ ಜೊತೆಗೆ ಬಂದೆ, ಅಷ್ಟೆ. ವರ್ಷದ ದಿನ ಮಾತ್ರ ತಪ್ಪಿಸಬಾರದು ಎಂದು ಅಂದೇ ನಿಶ್ಚಯಿಸಿದ್ದೆ.

ತಿಥಿ ಯಾವತ್ತು ಬರುತ್ತದೆ ಎಂದು ಧಾರವಾಡದ ಸೋದರತ್ತೆಯನ್ನು ಕೇಳಿದೆವು. ಅವರು ತಮ್ಮ ಗೋಡೆಯ ಕ್ಯಾಲೆಂಡರಿನ ಫೋಟೊ ಕಳಿಸಿದರು, ಆಗಸ್ಟ್ ಪುಟದಲ್ಲಿ ಒಂದು ಗುರುವಾರಕ್ಕೆ ಕೆಂಪು ಪೆನ್ನಿನ ಸುತ್ತು. ಕ್ಯಾಂಪ್ ಅದೇ ವಾರದ ಮಂಗಳವಾರ ಮಧ್ಯಾಹ್ನ ಮುಗಿಯುತ್ತಿತ್ತು. ಬುಧವಾರ ಹಾರಾಟ, ಗುರುವಾರ ರಜೆ. ಮೂರು ಸಾಲೂ ಹೊಂದಿಕೊಂಡವು. ಹಾಳೆಯನ್ನು ಯಾರಿಗೂ ಓದಿ ಹೇಳಲಿಲ್ಲ. ಕೇಳುವವರು ಇರಲಿಲ್ಲ.

ಚೀಫ್ ಪೈಲಟ್ ರಜೆಗೆ ಸಹಿ ಹಾಕಿದರು. ಒಳ್ಳೆಯ ಮನುಷ್ಯ, ಆದರೆ ಮಾತು ನೇರ. “ನಿನ್ನ ಸೇನೆಗಾಗಿ ಈ ವರ್ಷ ಎರಡು ಸಲ ರೋಸ್ಟರ್ ತಿದ್ದಿದ್ದೇವೆ. ಆಗಸ್ಟಿನಲ್ಲಿ ಮತ್ತೆ ಏನಾದರೂ ಕಳಚಿಕೊಂಡರೆ, ಎರಡರಲ್ಲಿ ಯಾವುದು ಇಟ್ಟುಕೊಳ್ಳುತ್ತೀ ಅಂತ ಕೂತು ಮಾತಾಡೋಣ.”

“ಏನೂ ಕಳಚಿಕೊಳ್ಳಲ್ಲ,” ಎಂದೆ.

ಕ್ಯಾಂಪ್ ವೇಲ್ಸ್‌ನಲ್ಲಿತ್ತು. ನನ್ನ ಕೆಲಸ ಲಾರಿಗಳ ಸಾಲುಗಳನ್ನು ಹೊರಡಿಸುವುದು. ಯಾವ ಲಾರಿ ಎಷ್ಟು ಗಂಟೆಗೆ ಯಾವ ಗೇಟಿನಿಂದ ಹೊರಡಬೇಕು, ಎರಡು ಲಾರಿಗಳ ನಡುವೆ ಎಷ್ಟು ಅಂತರ, ಎಲ್ಲಿ ಇಂಧನ, ಎಲ್ಲಿ ಊಟ. ಸೇನೆಯ ಆದೇಶದಲ್ಲಿ ಪ್ರತಿ ಗಂಟೆಯ ಮುಂದೆ ಒಂದು ಅಕ್ಷರ ಇರುತ್ತದೆ, ಅದು ಯಾವ ಊರಿನ ಗಡಿಯಾರ ಎಂದು ತಿಳಿಸಲು. ಆ ಅಕ್ಷರ ಬಿಟ್ಟು ಬರೆದ ಕಾಗದವನ್ನು ನಾನು ಹಿಂದಕ್ಕೆ ಕಳಿಸುತ್ತೇನೆ. ಹುಡುಗರಿಗೆ ಇದು ಗೊತ್ತು. ನನ್ನ ಇನ್ನೊಂದು ಕೆಲಸವೂ ಗೊತ್ತು.

“ಸಾರ್ಜ್, ಇವತ್ತು ಷಾಂಪೇನ್ ಎಷ್ಟು ಹೊತ್ತಿಗೆ?” ಎನ್ನುತ್ತಿದ್ದ ಒಬ್ಬ ಕಾರ್ಪೊರಲ್, ತಗಡಿನ ಬಟ್ಟಲಲ್ಲಿ ಚಹಾ ಕೊಡುತ್ತ.

“ಮೊದಲು ಸೀಟ್ ಬೆಲ್ಟ್ ಹಾಕ್ಕೊ. ಆಮೇಲೆ ನೋಡೋಣ.”

ಹತ್ತನೆಯ ದಿನ, ಗುರುವಾರ ಸಂಜೆ, ಫೋನ್ ತೆರೆದಾಗ ಅವ್ವನ ನಾಲ್ಕು ಕರೆಗಳು ತಪ್ಪಿಹೋಗಿದ್ದವು. ಲಾರಿಯ ಕ್ಯಾಬಿನ್ ಹತ್ತಿ ಕೂತು ಫೋನ್ ಮಾಡಿದೆ.

“ಆಚಾರ್ರಿಗೆ ಸಾಮಾನಿನ ಪಟ್ಟಿ ಕೇಳಾಕ ಫೋನ್ ಮಾಡಿದ್ನಿ,” ಎಂದಳು ಅವ್ವ. “ಅವರು ಬುಧವಾರ ಅಂತಾರಲ್ಲೋ.”

“ಅತ್ತಿ ಕ್ಯಾಲೆಂಡರ್‌ನ್ಯಾಗ ಗುರುವಾರ ಅದ ಅಲ್ಲಬೇ?”

“ನನಗೇನ್ ತಿಳೀತದ. ನೀನ ಕೇಳು.”

ನಮ್ಮ ಆಚಾರ್ಯರು ವಾರದ ದಿನಗಳಲ್ಲಿ ಕೌನ್ಸಿಲ್ ಆಫೀಸಿನಲ್ಲಿ ಪಾರ್ಕಿಂಗ್ ಪರ್ಮಿಟ್ ಕೊಡುವ ಕೆಲಸ ಮಾಡುತ್ತಾರೆ. ಪೌರೋಹಿತ್ಯ ರಜೆಯ ದಿನಗಳದು. ಪ್ರತಿ ತಿಂಗಳ ಮಾಸಿಕ ಶ್ರಾದ್ಧವನ್ನೂ ದಿನ ಅವರನ್ನೇ ಕೇಳಿ, ದೇವಸ್ಥಾನದಲ್ಲಿ ಅವರ ಕೈಯಲ್ಲೇ ಮಾಡಿಸಿದ್ದೆವು. ವರ್ಷದ್ದನ್ನು ಮಾತ್ರ, ಮೇ ತಿಂಗಳಲ್ಲೇ ಯಾಕೆ ತೊಂದರೆ ಕೊಡುವುದೆಂದು, ಅತ್ತೆಯನ್ನು ಕೇಳಿದ್ದೆ.

“ನೋಡ್ರಿ,” ಎಂದರು ಆಚಾರ್ಯರು. “ತಿಥಿ ಜಗತ್ತಿಗೆಲ್ಲಾ ಒಂದ ಕ್ಷಣಕ್ಕ ಹತ್ತತದ. ಧಾರವಾಡದಾಗ ಅದು ಬುಧವಾರ ಸಂಜಿ ನಾಲ್ಕಕ್ಕ ಹತ್ತತದ, ಗುರುವಾರ ಮಧ್ಯಾಹ್ನ ಮೂರೂವರೀತನಕಾ ಇರ್ತದ. ಶ್ರಾದ್ಧಕ್ಕ ಮಧ್ಯಾಹ್ನದ ಹೊತ್ತಿಗೆ ತಿಥಿ ಇರಬೇಕು. ಅದಕ್ಕ ಅವರಿಗೆ ಗುರುವಾರ. ಈಗ ನೀವು ಹೇಳ್ರಿ, ಅಲ್ಲಿ ಬುಧವಾರ ಸಂಜಿ ನಾಲ್ಕಂದ್ರ ಇಲ್ಲಿ ಎಷ್ಟು?”

“ಹನ್ನೊಂದೂವರೆ.”

“ಗುರುವಾರ ಮೂರೂವರಿ ಅಂದ್ರ?”

“ಬೆಳಿಗ್ಗೆ ಹನ್ನೊಂದು.”

“ಹಂಗಾರ ನಮ್ಮ ಗುರುವಾರ ಮಧ್ಯಾಹ್ನ ತಿಥಿ ಎಲ್ಲದ? ಹೋಗಿಬಿಟ್ಟಿರ್ತದ.”

ಅಕ್ಷರವಿಲ್ಲದ ಗಂಟೆಯನ್ನು ಹಿಂದಕ್ಕೆ ಕಳಿಸುವವನು, ವರ್ಷಗಟ್ಟಲೆ ಜುಲು ಸಮಯದಲ್ಲಿ ಬದುಕಿದವನು, ಧಾರವಾಡದ ಗೋಡೆಯ ಮೇಲಿನ ದಿನವನ್ನು ಹಾಗೆಯೇ ತಂದು ಲಂಡನ್ನಿನ ಹಾಳೆಯಲ್ಲಿ ಬರೆದಿದ್ದೆ.

“ನನಗೂ ಬುಧವಾರ ಅರ್ಧ ದಿನದ ರಜಾ ಸಿಕ್ಕದ,” ಎಂದರು ಅವರು. “ನಾನೂ ನಿಮ್ಮಂಗ ರಿಸರ್ವ ಅಲ್ಲೇನ್ರಿ. ಹನ್ನೆರಡೂವರಿಗೆ ಬರ್ತೀನಿ. ನೀವು ಇರ್ತೀರಿಲ್ಲೋ?”

“ನಾಳೆ ಹೇಳ್ತೀನಿ,” ಎಂದೆ.

ಬುಧವಾರ ನನ್ನ ಹೆಸರಿನಲ್ಲಿದ್ದುದು ಲಂಡನ್ ಹೊರವಲಯದ ಬಿಗ್ಗಿನ್ ಹಿಲ್ ನಿಲ್ದಾಣದಿಂದ ಜಿನೀವಾ ಹಾರಾಟ. ಬೆಳಿಗ್ಗೆ ಒಂಬತ್ತಕ್ಕೆ ಹೊರಡುವುದು, ಸಂಜೆ ವಾಪಸು. ಶುಕ್ರವಾರ ಊಟದ ಬಿಡುವಿನಲ್ಲಿ ರೋಸ್ಟರ್ ನೋಡಿಕೊಳ್ಳುವಾಕೆಗೆ ಫೋನ್ ಮಾಡಿದೆ. ಆಕೆ ಎಲ್ಲರನ್ನೂ ಲವ್ ಎಂದೇ ಕರೆಯುವ ಹೆಂಗಸು. ನಲವತ್ತು ಪೈಲಟ್‌ಗಳ ಹುಟ್ಟುಹಬ್ಬ, ಹಲ್ಲುನೋವು, ವಿಚ್ಛೇದನ ಎಲ್ಲವೂ ಆಕೆಗೆ ಗೊತ್ತು. ನಾನು ನಡೆದದ್ದನ್ನು ಹೇಳಿದೆ. ಕೀಬೋರ್ಡಿನ ಸದ್ದು ಬಹಳ ಹೊತ್ತು ಕೇಳಿಸಿತು.

“ಯಾರೂ ಇಲ್ಲ, ಲವ್. ಒಬ್ಬನಿಗೆ ಕಿವಿಯ ಸೋಂಕು, ಇಬ್ಬರು ಅಮೆರಿಕದ ಕಡೆ. ಉಳಿದವನು ನಮ್ಮ ಸ್ಕಾಟ್ಲೆಂಡಿನವನು. ಅವನು ಮಂಗಳವಾರ ಮಿಲಾನ್‌ಗೆ ಹೋಗಿ ಬರ್ತಾನೆ. ಅವನ ಕರ್ತವ್ಯ ಮುಗಿಯೋದು ಜುಲು ಇಪ್ಪತ್ತು ಗಂಟೆಗೆ. ಹನ್ನೆರಡು ಗಂಟೆ ಸೇರಿಸು. ಇಲ್ಲಿನ ಒಂಬತ್ತಕ್ಕೆ ಮೊದಲು ಅವನು ಡ್ಯೂಟಿಗೆ ಬರೋ ಹಾಗಿಲ್ಲ. ಜಿನೀವಾಕ್ಕೆ ಎಂಟಕ್ಕೇ ಬರಬೇಕು.”

“ಒಂದು ಗಂಟೆ ಸಾಲದು.”

“ಒಂದೇ ಗಂಟೆ.” ಆಕೆ ದನಿ ತಗ್ಗಿಸಿದಳು. “ಕೇಳು. ಎರಡು ವಾರ ಲಾರಿಯಲ್ಲಿ ಮಲಗಿದ್ದೀ. ಮಂಗಳವಾರ ಸಂಜೆ ಫೋನ್ ಮಾಡಿ, ದಣಿದಿದ್ದೇನೆ, ಹಾರಾಟಕ್ಕೆ ಯೋಗ್ಯನಲ್ಲ ಅನ್ನು. ಯಾರೂ ಒಂದು ಪ್ರಶ್ನೆ ಕೇಳಲ್ಲ. ಕೇಳೋ ಹಾಗೂ ಇಲ್ಲ.”

ಅದು ನಿಜ. ದಣಿದಿದ್ದೇನೆ ಎಂದು ಪೈಲಟ್ ಹೇಳಿದರೆ ಅಲ್ಲಿಗೆ ಮುಗಿಯಿತು. ಆ ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ, ಯಾಕೆಂದರೆ ಪರೀಕ್ಷಿಸತೊಡಗಿದರೆ ನಿಜವಾಗಿ ದಣಿದವರು ಹೇಳುವುದನ್ನೇ ಬಿಡುತ್ತಾರೆ. ಕಂಪನಿ ಬೇರೆ ವಿಮಾನ ಗೊತ್ತು ಮಾಡುತ್ತಿತ್ತು, ನಾನು ಅಪ್ಪಾಜಿಯ ಮುಂದೆ ಕೂತಿರುತ್ತಿದ್ದೆ.

ಆ ಮಧ್ಯಾಹ್ನ ನಾಲ್ಕು ಸಾಲು ಲಾರಿಗಳನ್ನು ಹೊರಡಿಸುತ್ತ ಇದನ್ನೇ ಯೋಚಿಸಿದೆ. ಕ್ಯಾಂಪಿನಲ್ಲಿ ನಾನು ದಿನಾ ಎಂಟು ಗಂಟೆ ಮಲಗಿದ್ದೆ, ಮನೆಯಲ್ಲಿಗಿಂತ ಚೆನ್ನಾಗಿ. ಸುಳ್ಳು ನನ್ನೊಬ್ಬನದಾಗಿದ್ದರೆ ಬೇರೆ ಮಾತು. ಆದರೆ ಕ್ಯಾಂಪಿನಿಂದ ನೇರವಾಗಿ ಬಂದು ದಣಿವು ಎಂದರೆ, ಸೇನೆ ಮತ್ತು ಹಾರಾಟ ಒಟ್ಟಿಗೆ ಆಗುವುದಿಲ್ಲ ಎಂದು ನಾನೇ ಬರೆದುಕೊಟ್ಟಂತೆ. ನಾಳೆ ನಮ್ಮ ಕಂಪನಿಯಲ್ಲಿ ಇನ್ನೊಬ್ಬರು ರಿಸರ್ವ್ ಸೇರುತ್ತೇನೆ ಎಂದರೆ ಆ ಕಾಗದವನ್ನು ತೆಗೆದು ತೋರಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅಪ್ಪಾಜಿ ಒಂದು ದಿನವೂ ಹುಷಾರಿಲ್ಲ ಎಂದು ಸುಳ್ಳು ಹೇಳಿ ಶಿಫ್ಟ್ ತಪ್ಪಿಸಿದವರಲ್ಲ. ಅವರ ಶ್ರಾದ್ಧಕ್ಕೆ ಅಂಥ ರಜೆಯಲ್ಲಿ ಕೂರುವುದು ನನ್ನಿಂದ ಆಗದು.

ಸಂಜೆ ಅವ್ವನಿಗೆ ಫೋನ್ ಮಾಡಿ ಹೇಳಿದೆ: ಬೇರೆಯವರು ಒಪ್ಪಿದರೆ ಬರುತ್ತೇನೆ, ಇಲ್ಲದಿದ್ದರೆ ಬುಧವಾರ ಹಾರಬೇಕಾಗುತ್ತದೆ.

“ಆಗಲಿಲ್ಲಂದ್ರ ಬ್ಯಾಡ,” ಎಂದಳು. “ಆಚಾರ್ರು ಏನರೆ ದಾರಿ ಹೇಳ್ತಾರ.” ಆಮೇಲೆ, “ಎಳ್ಳು ತರಾಕ ನಾಳೆ ಸೌತ್‌ಹಾಲ್‌ಗೆ ಹೊಂಟೀನಿ,” ಎಂದಳು. ಬೈದಿದ್ದರೆ ಸುಲಭವಾಗುತ್ತಿತ್ತು.

ಸ್ಕಾಟ್ಲೆಂಡಿನ ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ನನ್ನ ಬುಧವಾರ ನೀನು ತಗೊ, ನಿನ್ನ ಗುರುವಾರ ನಾನು ತಗೊಳ್ಳುತ್ತೇನೆ ಎಂದೆ. ಅವನ ಗುರುವಾರ ಬೆಳಗಿನ ಐದಕ್ಕೇ ಹಾಜರಾಗಬೇಕಾದ ಕೆಲಸ.

“ನನ್ನ ಐದು ಗಂಟೆ ತಗೊಳ್ಳೋಕೆ ಬಂದವನಿಗೆ ಬೇಡ ಅನ್ನೋಷ್ಟು ದಡ್ಡ ನಾನಲ್ಲ,” ಎಂದ. “ಆದರೆ ಆ ಒಂದು ಗಂಟೆ ಎಲ್ಲಿಂದ ತರ್ತೀಯ?”

ಚೀಫ್ ಪೈಲಟ್‌ಗೆ ನಾನೇ ಫೋನ್ ಮಾಡಿದೆ. ತಪ್ಪು ನನ್ನದು, ಸೇನೆಯದಲ್ಲ ಎಂದು ಮೊದಲೇ ಹೇಳಿದೆ. ತಿಥಿಯ ವಿಷಯ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಅಂದರೆ ನೀನು ಟೈಮ್ ಝೋನ್ ತಪ್ಪಿದೆ,” ಎಂದರು. “ನೀನು.”

“ಹೌದು.”

“ಇದನ್ನು ನಾನು ಕ್ರಿಸ್‌ಮಸ್ ಪಾರ್ಟಿಯಲ್ಲಿ ಹೇಳ್ತೀನಿ.”

“ಹೇಳಿ. ಅದಕ್ಕೆ ಮೊದಲು ಜಿನೀವಾದ ಪ್ರಯಾಣಿಕರನ್ನು, ಹತ್ತಕ್ಕೆ ಹೊರಡಬಹುದೇ ಅಂತ ಕೇಳಬೇಕು.”

“ನಾವು ಕೇಳೋದಿಲ್ಲ. ಅವರು ನಮ್ಮನ್ನು ಕೇಳ್ತಾರೆ. ಜೆಟ್ ಇಟ್ಟುಕೊಂಡಿರೋದೇ ಅದಕ್ಕೆ.”

“ಒಂದು ಸಲ ಕೇಳೋಣ, ನನ್ನ ಹೆಸರಿನಲ್ಲಿ. ಆಗಲ್ಲ ಅಂದರೆ ಬುಧವಾರ ಎಂಟಕ್ಕೆ ನಾನು ಬಿಗ್ಗಿನ್ ಹಿಲ್‌ನಲ್ಲಿ ಇರ್ತೀನಿ. ದಣಿವು ಅಂತ ಹೇಳಲ್ಲ.”

ಕಡೆಯ ಮಾತು ಅವರಿಗೆ ಅರ್ಥವಾಯಿತು. ರೋಸ್ಟರಿನಾಕೆ ನನಗೆ ಏನು ಹೇಳಿರಬಹುದು ಎಂಬುದೂ ಅವರಿಗೆ ಗೊತ್ತಿದ್ದಿರಬೇಕು. “ಅವರ ಸೆಕ್ರೆಟರಿಗೆ ನೀನೇ ಬರಿ,” ಎಂದರು. “ನನಗೂ ಒಂದು ಪ್ರತಿ ಕಳಿಸು.”

ಮೂರು ಸಾಲು ಬರೆದೆ. ಕಾರಣವನ್ನೂ ಬರೆದೆ: ನನ್ನ ತಂದೆಯ ವಾರ್ಷಿಕ ಕರ್ಮ, ದಿನ ಬರೆದುಕೊಳ್ಳುವಲ್ಲಿ ನನ್ನ ತಪ್ಪು. ಶನಿವಾರ ಉತ್ತರ ಬರಲಿಲ್ಲ. ಭಾನುವಾರ ಸಂಜೆ ಬಂತು. ಒಂಬತ್ತೂವರೆಗೆ ಹೊರಡಬಹುದು, ಅದಕ್ಕಿಂತ ಒಂದು ನಿಮಿಷ ತಡವಾದರೂ ಜಿನೀವಾದ ಭೇಟಿ ತಪ್ಪುತ್ತದೆ. ಕೊನೆಯಲ್ಲಿ ಒಂದು ಸಾಲಿನ ಸಂತಾಪವೂ ಇತ್ತು.

ಅರ್ಧ ಗಂಟೆ ಸಿಕ್ಕಿತು. ಇನ್ನರ್ಧ ಗಂಟೆ ಬೇಕಿತ್ತು.

ಇನ್ನು ಪ್ರಯಾಣಿಕರನ್ನು ಕೇಳುವ ಹಾಗಿಲ್ಲ. ಸ್ಕಾಟ್ಲೆಂಡಿನವನ ಮಂಗಳವಾರವನ್ನೇ ಅರ್ಧ ಗಂಟೆ ಚಿಕ್ಕದು ಮಾಡಬೇಕು. ಲಾರಿಯ ಕ್ಯಾಬಿನ್‌ನಲ್ಲಿ ಅವನ ಹಾರಾಟದ ವಿವರ ತೆರೆದು ನೋಡಿದೆ. ಮಿಲಾನ್‌ಗೆ ಹೋಗುವಾಗ ನಾಲ್ವರು ಪ್ರಯಾಣಿಕರು. ಬರುವಾಗ ವಿಮಾನ ಖಾಲಿ. ಖಾಲಿ ವಿಮಾನ ಯಾರಿಗೂ ಕಾಯಬೇಕಿಲ್ಲ, ಆದರೂ ಮಿಲಾನ್‌ನಲ್ಲಿ ಒಂದೂಕಾಲು ಗಂಟೆಯ ನಿಲುಗಡೆ ಬರೆದಿತ್ತು. ಯಾಕೆಂದರೆ ಇಂಧನ ತುಂಬಿಸಬೇಕು, ಆಗಸ್ಟಿನಲ್ಲಿ ಅಲ್ಲಿ ಇಂಧನದ ಟ್ಯಾಂಕರ್ ನಮ್ಮ ಹತ್ತಿರ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ.

ವಾಪಸು ಬರುವ ಇಂಧನವನ್ನೂ ಲಂಡನ್ನಿನಲ್ಲೇ ತುಂಬಿಸಿಕೊಂಡು ಹೋದರೆ? ಆಗ ಮಿಲಾನ್‌ನಲ್ಲಿ ಇಳಿಯುವಾಗ ವಿಮಾನ ಭಾರವಾಗಿರುತ್ತದೆ. ಇಳಿಯುವ ತೂಕಕ್ಕೆ ಒಂದು ಮಿತಿಯಿದೆ, ಅದನ್ನು ಮೀರುವ ಹಾಗಿಲ್ಲ. ನಾಲ್ವರ ತೂಕ, ಅವರ ಸಾಮಾನು, ದಾರಿಯಲ್ಲಿ ಉರಿಯುವ ಇಂಧನ, ಬರುವಾಗ ಬೇಕಾದದ್ದು, ಬೇರೆ ನಿಲ್ದಾಣಕ್ಕೆ ತಿರುಗಬೇಕಾಗಿ ಬಂದರೆ ಬೇಕಾದದ್ದು, ಎಲ್ಲವನ್ನೂ ಬರೆದು ಕೂಡಿದೆ. ಮಿತಿಯ ಒಳಗೇ ಇತ್ತು, ಬಹಳ ಒಳಗಲ್ಲ. ಇನ್ನೊಮ್ಮೆ ಕೂಡಿದೆ. ಆಮೇಲೆ ಸ್ಕಾಟ್ಲೆಂಡಿನವನಿಗೆ ಕಳಿಸಿ, ನನ್ನ ಲೆಕ್ಕ ನೋಡದೆ ನೀನೇ ಬೇರೆಯಾಗಿ ಮಾಡು ಎಂದೆ. ಇಬ್ಬರದೂ ಹೊಂದಿತು.

“ಮಿಲಾನ್‌ನಲ್ಲಿ ನನ್ನ ಊಟ ಹೋಯ್ತು ಅಂತಾಯ್ತು,” ಎಂದ. “ಅಲ್ಲಿನ ಪಾಸ್ತಾ ಏನು ಅಂತ ಗೊತ್ತಾ ನಿನಗೆ?”

“ಅವ್ವ ಮಾಡಿದ್ದು ತಂದುಕೊಡ್ತೀನಿ.”

“ಖಾರ?”

“ಆ ದಿನದ ಅಡಿಗೆಗೆ ಖಾರ ಇರಲ್ಲ. ನಿನಗೆ ಸರಿಹೋಗುತ್ತೆ.”

ರೋಸ್ಟರಿನಾಕೆ ಮೂರು ಕಡೆ ತಿದ್ದಿದಳು. ಚೀಫ್ ಪೈಲಟ್ ಒಂದು ಷರತ್ತು ಹಾಕಿದರು: ಮಂಗಳವಾರ ಜುಲು ಹತ್ತೊಂಬತ್ತು ಗಂಟೆಯೊಳಗೆ ಮಿಲಾನ್ ವಿಮಾನದ ಎಂಜಿನ್ ನಿಲ್ಲಬೇಕು. ನಂತರದ ಅರ್ಧ ಗಂಟೆಯ ಕಾಗದದ ಕೆಲಸ ಮುಗಿಸಿ ಹನ್ನೆರಡು ಗಂಟೆ ಎಣಿಸಿದರೆ ಬೆಳಿಗ್ಗೆ ಎಂಟೂವರೆ. ಒಂದು ನಿಮಿಷ ತಡವಾದರೂ ಜಿನೀವಾ ನನ್ನದೇ. ನಾನು ಒಪ್ಪಿದೆ. ಹಾಗಾಗಿ ಮಂಗಳವಾರ ಸಂಜೆ ನಾನೂ ಬುಧವಾರದ ಕೆಲಸಕ್ಕೆ ಸಿದ್ಧನಾಗಿಯೇ ಇರಬೇಕಿತ್ತು.

ಮಂಗಳವಾರ ಮಧ್ಯಾಹ್ನ ಲಾರಿಗಳನ್ನೆಲ್ಲ ಒಪ್ಪಿಸಿ, ಹದಿನೈದೂ ದಿನ ಪೂರ್ತಿಯಾಯಿತೆಂಬ ಸಹಿ ಪಡೆದು ಹೊರಟೆ. ಐದೂವರೆಗೆ ಫೆಲ್ಥಮ್ ತಲುಪಿದೆ. ಬೂಟು ಹೊರಗೇ ಬಿಟ್ಟೆ. ಸ್ನಾನ ಮಾಡಿ, ಪೈಲಟ್ ಅಂಗಿಗೆ ಇಸ್ತ್ರಿ ಹಾಕಿ ಬಾಗಿಲಿಗೆ ನೇತುಹಾಕಿದೆ. ಪಕ್ಕದ ಕುರ್ಚಿಯ ಮೇಲೆ ಅವ್ವ ನನ್ನ ಪಂಚೆ ಮಡಿಸಿಟ್ಟಿದ್ದಳು. ಎರಡನ್ನೂ ನೋಡಿದಳು. ಅವಲಕ್ಕಿ ಹಾಕಿಕೊಟ್ಟಳು.

ವಿಮಾನಗಳ ಜಾಡು ತೋರಿಸುವ ಆ್ಯಪ್ ಫೋನಿನಲ್ಲಿದೆ, ಆದರೆ ತೆರೆಯಲಿಲ್ಲ. ನಾನು ನೋಡಿದರೆ ಅವನು ಬೇಗ ಬರುವುದಿಲ್ಲ. ಇನ್ನೂ ಬೆಳಕಿತ್ತು. ಹಿತ್ತಲಿನ ಹುಲ್ಲು ಕತ್ತರಿಸಿದೆ. ಎಂಟಕ್ಕೆ ಹತ್ತು ನಿಮಿಷ ಇರುವಾಗ ಸಂದೇಶ ಬಂತು.

“ಎಂಜಿನ್ ನಿಂತವು, 18:50. ಹಸಿವಾಗಿದೆ.”

ಅಂಗಿಯನ್ನು ತೆಗೆದು ಬೀರುವಿನೊಳಗೆ ಇಟ್ಟೆ. ಅವ್ವ ಅದನ್ನು ನೋಡಿ, “ಹಂಗಾರ ಎಳ್ಳು ತೊಳೀತೀನಿ,” ಎಂದು ಎದ್ದಳು.

ಬುಧವಾರ ಒಂಬತ್ತೂವರೆಗೆ ಜಿನೀವಾ ವಿಮಾನ ಹೊರಟಿತು. ಹನ್ನೆರಡೂವರೆಗೆ ಆಚಾರ್ಯರು ಬಂದರು. ಕೊರಳಿನ ಕೌನ್ಸಿಲ್ ಬ್ಯಾಡ್ಜ್ ತೆಗೆದು ಚೀಲದಲ್ಲಿ ಹಾಕಿ, ಕಾಲು ತೊಳೆದು, ಮುಂದಿನ ಕೋಣೆಯಲ್ಲಿ ದರ್ಭೆ ಹರಡಿದರು. ಸಂಕಲ್ಪದಲ್ಲಿ ಮೊದಲು ಎಲ್ಲಿದ್ದೇವೆ ಎಂಬುದನ್ನು ಹೇಳಬೇಕು, ಆಮೇಲೆ ಯಾವ ಹೊತ್ತು, ಯಾರು, ಯಾತಕ್ಕಾಗಿ. ಅವರು ಥೇಮ್ಸ್ ನದಿಯ ದಕ್ಷಿಣ ತೀರ ಎಂದು ಸಂಸ್ಕೃತದಲ್ಲಿ ಹೇಳಿಸಿದರು. “ಫೆಲ್ಥಮ್ ಇರೋದು ಉತ್ತರಕ್ಕೆ,” ಎಂದೆ. ಅವರು ಕ್ಷಣ ಯೋಚಿಸಿ, “ಹೌದ್ರಿ,” ಎಂದು ತಿದ್ದಿದರು. ದಿಕ್ಕಿನ ವಿಷಯದಲ್ಲಾದರೂ ನಾನು ತಪ್ಪಿರಲಿಲ್ಲ.

ಮುಂದೆ ಮೂರು ತಲೆಮಾರಿನ ಹೆಸರು ಹೇಳಬೇಕಿತ್ತು. ಅಪ್ಪಾಜಿ ತಮ್ಮ ತಂದೆಯ ಶ್ರಾದ್ಧ ಮಾಡುವಾಗ ಇದೇ ಕೋಣೆಯಲ್ಲಿ ಪಕ್ಕದಲ್ಲಿ ಕೂತು ಕೇಳಿದ್ದೆ. ಆಗ ಮೊದಲನೆಯವರು ಅಜ್ಜ, ಎರಡನೆಯವರು ಮುತ್ತಜ್ಜ, ಮೂರನೆಯವರು ಅವರ ತಂದೆ. ಈಗ ಅಜ್ಜ ಎರಡನೆಯ ಜಾಗಕ್ಕೆ ಸರಿದಿದ್ದರು, ಮುತ್ತಜ್ಜ ಮೂರನೆಯದಕ್ಕೆ. ಮೂರನೆಯವರಾಗಿದ್ದವರು ಪಟ್ಟಿಯಿಂದ ಆಚೆ ಹೋಗಿದ್ದರು. ಮೊದಲನೆಯ ಜಾಗವನ್ನು ನಾನು ತುಂಬಬೇಕಿತ್ತು.

“ತಂದಿಯವರ ಹೆಸರು ಹೇಳ್ರಿ,” ಎಂದರು.

ವರ್ಷವಿಡೀ ಆ ಹೆಸರು ನಮ್ಮ ಮನೆಯಲ್ಲಿ ಕೇಳಿಸಿರಲಿಲ್ಲ. ನನಗೆ ಅವರು ಅಪ್ಪಾಜಿ. ಬಂದುಹೋದವರಿಗೆ ನಿಮ್ಮ ತಂದೆ. ಆಸ್ಪತ್ರೆಯ ಕಾಗದಗಳಲ್ಲಿ ಮೃತರು. ಅವ್ವ ಮದುವೆಯಾದಾಗಿನಿಂದ ಒಮ್ಮೆಯೂ ಅವರ ಹೆಸರು ಹಿಡಿದವಳಲ್ಲ. ನಾನು ಹೇಳಿದೆ. ಆಚಾರ್ಯರಿಗೆ ಸರಿಯಾಗಿ ಕೇಳಿಸಲಿಲ್ಲ.

“ಇನ್ನೊಮ್ಮೆ. ಗಟ್ಟಿಯಾಗಿ.”

ಒಳಗೆ ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ನಾನು ಬೆನ್ನು ನೆಟ್ಟಗೆ ಮಾಡಿ ಕೂತು, ಅವಳಿಗೆ ಕೇಳಿಸುವ ಹಾಗೆ ಅವರ ಪೂರ್ತಿ ಹೆಸರು ಹೇಳಿದೆ.